ತಿಂಡಿಯ ಹೆಸರು, ಸಂಖ್ಯೆ ಮಾತ್ರ ಬರೆಯಿರಿ

ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಜೇಬಿನಲ್ಲಿ ಇರುತ್ತದೋ ಅವರೇ ಕಂಪ್ಯೂಟರ್ ಮೇಷ್ಟರು. ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತದ್ದರ ಹಿಂದೆ ಇದಕ್ಕಿಂತ ಘನವಾದ ಕಾರಣವೇನೂ ಇಲ್ಲ. ಕುಶಾಲನಗರದಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುವವನು. ಕಂಪ್ಯೂಟರ್ ಕಲಿಸುತ್ತಿದ್ದ ಹುಡುಗಿಗೆ ವರ್ಗವಾಯಿತು. ಹೊರಡುವ ಗಡಿಬಿಡಿಯಲ್ಲಿ ಆಕೆ ಬೀಗದ ಕೈ ಕೊಡಲು ಸ್ಟಾಫ್ ರೂಮಿಗೆ ಬಂದಾಗ ಅಲ್ಲಿ ಕುಳಿತಿದ್ದವನು ನಾನೊಬ್ಬನೇ. ಮುಂದಿನ ವಾರ ಹೆಡ್‌ಮಾಸ್ತರರು, "ಹೇಗೂ ಕೀ ನಿಮ್ ಹತ್ರಾನೇ ಇದೆಯಲ್ಲ ಸಾರ್, ಹೊಸಬ್ರು ಬರೋ ತನಕ ಸ್ವಲ್ಪ ನೋಡ್ಕೊಳ್ಳಿ" ಎಂದರು. ಹೊಸಬರು ಇನ್ನೂ ಬಂದಿಲ್ಲ. ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು ನಾನು ನೋಡಿಕೊಳ್ಳುತ್ತಲೇ ಇದ್ದೇನೆ. ಆ ಒಂದು ಪಾಠದ ಅಂತರವನ್ನು ನಮ್ಮಲ್ಲಿ ಪಾಂಡಿತ್ಯ ಎನ್ನುತ್ತಾರೆ.

ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತ ಮೊದಲ ದಿನ ನನ್ನ ಹೆಂಡತಿ ಸರೋಜ ಬಂದು ಏನು ಓದುತ್ತಿದ್ದೀರಿ ಎಂದು ಕೇಳಿದಳು. ಪೈಥಾನ್ ಎಂದೆ. ಹಾಗಂದರೆ? ಹೆಬ್ಬಾವು ಎಂದೆ. "ಕಾಫಿ ಗಿಡದ ಬುಡದಲ್ಲಿ ಕಾಣೋದು ಸಾಲ್ದು ಅಂತ ಮನೆ ಒಳಗೂ ತಂದ್ರಾ?" ಎಂದು ಆಕೆ ಹೊರಟುಹೋದಳು. ವಿದ್ಯೆಗೆ ಆ ಹೆಸರಿಟ್ಟವರು ಯಾರೋ, ಅವರು ಕೊಡಗಿನ ಹೆಂಗಸರೊಡನೆ ಸಂಸಾರ ಮಾಡಿದವರಲ್ಲ.

ಸರೋಜಳ ವಿಷಯ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ನಮ್ಮ ಮನೆಯ ಹಿತ್ತಿಲಿನ ಒಲೆಯಲ್ಲಿ ಆಕೆ ಅಕ್ಕಿ ರೊಟ್ಟಿ, ಕಡುಬು, ಶಾವಿಗೆಯಂತೆ ಒತ್ತುವ ನೂಲ್‌ಪುಟ್ಟು ಮಾಡಿ ಸುತ್ತಮುತ್ತಲಿನವರಿಗೆ, ಪ್ರವಾಸಿಗರು ತಂಗುವ ಹೋಮ್‌ಸ್ಟೇಗಳಿಗೆ ಕೊಡುತ್ತಾಳೆ. ಅನ್ನ ಬೆರೆಸಿ ನಾದಿದ ಅಕ್ಕಿಹಿಟ್ಟಿನ ರೊಟ್ಟಿ ಕೆಂಡದ ಮೇಲೆ ಉಬ್ಬಿ ನಿಲ್ಲುವುದನ್ನು ನೋಡಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ತಿಂದರೆ ಇನ್ನೂ ಹೆಚ್ಚು ಖುಷಿಯಾಗುತ್ತದೆ. ಇದನ್ನು ಮಾರಬಹುದು ಎಂದು ಆಕೆಗೆ ಹೇಳಿದವರು ಗಂಗಕ್ಕ. ಹತ್ತಿರದ ಎಸ್ಟೇಟಿನ ರೈಟರ್ ಶಿವಣ್ಣನವರ ಹೆಂಡತಿ. ನಮ್ಮ, ಅವರ ಎರಡೂ ಮನೆಯ ಹಿರಿಯರು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಾದ್ದರಿಂದ, ಮೊದಲ ಭೇಟಿಯಲ್ಲೇ ಗಂಗಕ್ಕ ಸರೋಜಳ ತವರು, ಗೋತ್ರ, ಮಂಡಿನೋವು ಎಲ್ಲವನ್ನೂ ವಿಚಾರಿಸಿ ಅಕ್ಕನ ಪದವಿಯನ್ನು ತಾವೇ ತೆಗೆದುಕೊಂಡರು. ಮೊದಲ ರೊಟ್ಟಿ ತಿಂದವರು ಅವರು, ಎಸ್ಟೇಟಿನ ಮನೆಮನೆಗೂ ಸುದ್ದಿ ಮುಟ್ಟಿಸಿದವರು ಅವರು. ಊರಿನಲ್ಲಿ ಸರೋಜಳಿಗೆ ಗಿರಾಕಿಗಳು ಬೇಕಾದಷ್ಟಿದ್ದಾರೆ, ಗೆಳತಿ ಎಂದರೆ ಗಂಗಕ್ಕ ಒಬ್ಬರೇ.

ಇಲ್ಲಿ ರೈಟರ್ ಎಂದರೆ ಏನೆಂದು ಹೊರಗಿನವರಿಗೆ ಒಂದು ಮಾತು ಹೇಳಬೇಕು. ಕಾಫಿ ತೋಟದಲ್ಲಿ ಆಳುಗಳ ಹಾಜರಿ, ಕುಯ್ದ ಹಣ್ಣಿನ ತೂಕ ಬರೆದುಕೊಳ್ಳುವವನು ರೈಟರ್. ಕತೆ, ಕವಿತೆ, ಪ್ರಬಂಧ ಬರೆಯುವವರಿಗೆ ಇಲ್ಲಿ ಹೆಸರೇನೂ ಇಲ್ಲ. ಒಮ್ಮೆ ಬಸ್ಸಿನಲ್ಲಿ ಯಾರೋ ನನ್ನನ್ನು ಇವರೂ ರೈಟರ್ ಎಂದು ಪರಿಚಯಿಸಿದರು. ಪಕ್ಕದವರು ಗೌರವದಿಂದ ಎದ್ದು ಜಾಗ ಕೊಟ್ಟು, "ಯಾವ ಎಸ್ಟೇಟು?" ಎಂದರು. ಯಾವ ಎಸ್ಟೇಟೂ ಅಲ್ಲ ಎಂದು ತಿಳಿದಮೇಲೆ ಅವರ ಮುಖದಲ್ಲಿ ಆ ಜಾಗದ ಬಗ್ಗೆ ಪಶ್ಚಾತ್ತಾಪ ಕಂಡಿತು.

ಇರಲಿ. ತೊಂದರೆ ಶುರುವಾದದ್ದು ಫೋನಿನಿಂದ. ಕಾಫಿ ಕುಯ್ಲಿನ ಕಾಲದಲ್ಲಿ ಯಾರ ಮನೆಯಲ್ಲೂ ಒಲೆಯ ಮುಂದೆ ಕೂರಲು ಪುರುಸೊತ್ತಿರುವುದಿಲ್ಲ. ಸರೋಜಳ ಕೈ ಹಿಟ್ಟಿನಲ್ಲಿರುವಾಗಲೇ ಫೋನು ಬಡಿದುಕೊಳ್ಳುತ್ತದೆ. ಆಕೆ ಮೊಣಕೈಯಿಂದ ಅದನ್ನು ಒತ್ತಲು ಹೋಗುತ್ತಾಳೆ, ಅದು ಹಿಟ್ಟಿನೊಳಗೆ ಬೀಳುತ್ತದೆ. ಇದನ್ನು ಕಂಡು ನನ್ನೊಳಗಿನ ಹೆಬ್ಬಾವು ಹೆಡೆ ಎತ್ತಿತು. ಹೆಬ್ಬಾವಿಗೆ ಹೆಡೆ ಇಲ್ಲವೆಂದು ಗೊತ್ತು, ಆದರೆ ಉತ್ಸಾಹ ಬಂದಾಗ ನಾನು ಪ್ರಾಣಿಶಾಸ್ತ್ರ ನೋಡುವುದಿಲ್ಲ. "ಮೆಸೇಜು ಬಂದ್ರೆ ತಾನೇ ಓದಿ, ತಾನೇ ಉತ್ತರ ಕೊಟ್ಟು, ಯಾರಿಗೆ ಏನು ಬೇಕು ಅಂತ ನಿಂಗೆ ಹೇಳೋ ಒಂದು ಬಾಟ್ ಮಾಡಿಕೊಡ್ತೀನಿ" ಎಂದೆ.

ಸರೋಜ ಫೋನಿಗೆ ಮೆತ್ತಿದ ಹಿಟ್ಟು ಒರೆಸಿದಳು. "ಮಾಡಿ. ಯಾರಿಗೂ ಬೇಜಾರಾಗ್ಬಾರ್ದು ಅಷ್ಟೆ" ಎಂದಳು. ಕಂಪ್ಯೂಟರಿಗೆ ಬೇಜಾರು ಮಾಡುವ ಶಕ್ತಿ ಎಲ್ಲಿಂದ ಬರಬೇಕು ಎಂದು ನಾನು ನಕ್ಕೆ.

ಇಂಥ ಕೆಲಸದಲ್ಲಿ ಕಷ್ಟವಾದ ಭಾಗವನ್ನು ಪಾರ್ಸಿಂಗ್ ಎನ್ನುತ್ತಾರೆ. ಬಂದ ಮಾತನ್ನು ಬಿಡಿಸಿ, ಯಾವುದು ವಸ್ತು, ಯಾವುದು ಸಂಖ್ಯೆ, ಯಾವುದು ಬರಿಯ ಗಾಳಿ ಎಂದು ಬೇರೆ ಮಾಡುವುದು. ಇದನ್ನು ಓದಿದಾಗ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಇದು ನಮ್ಮ ಪದವಿಂಗಡಣೆ, ಅನ್ವಯ! ಹಳಗನ್ನಡದ ಕಂದಪದ್ಯವನ್ನು ಎತ್ತಿ ಕುಡುಗೋಲಿಗೆ ಸಿಕ್ಕಿದ ಹುಲ್ಲಿನ ಹಾಗೆ ಕತ್ತರಿಸಿ, ಕರ್ತೃ ಇಲ್ಲಿ, ಕರ್ಮ ಅಲ್ಲಿ, ಕ್ರಿಯಾಪದ ಕೊನೆಗೆ ಎಂದು ಒಣಹಾಕುವುದನ್ನೇ ನಾನು ಇಷ್ಟು ವರ್ಷ ಮಾಡಿಕೊಂಡು ಬಂದಿರುವುದು. ಕಂದಪದ್ಯ ಬಿಡಿಸಿದವನಿಗೆ ರೊಟ್ಟಿಯ ಮೆಸೇಜು ಯಾವ ಲೆಕ್ಕ?

ಸರೋಜಳ ಹಳೆಯ ಫೋನನ್ನು, ಅದರ ಎಲ್ಲರಿಗೂ ಗೊತ್ತಿರುವ ನಂಬರಿನ ಸಮೇತ, ನನ್ನ ಮೇಜಿಗೆ ತಂದು ಲ್ಯಾಪ್‌ಟಾಪಿಗೆ ಕಟ್ಟಿಹಾಕಿದೆ. ಆಕೆಗೆ ಹೊಸ ನಂಬರು ಕೊಡಿಸಿದೆ. ಅದನ್ನು ಸದ್ಯಕ್ಕೆ ತವರಿನವರಿಗೆ ಮಾತ್ರ ತಿಳಿಸಿದ್ದಳು. ಯಾರಾದರೂ ಬರೆದ ಮೆಸೇಜಿನಲ್ಲಿ ರೊಟ್ಟಿ ಎಂಬ ಪದ ಕಂಡರೆ "ರೊಟ್ಟಿ ಗುರುತು ಹಾಕಿಕೊಂಡಿದ್ದೇವೆ, ಧನ್ಯವಾದಗಳು" ಎಂದು ಉತ್ತರ ಹೋಗಬೇಕು. ಪರೀಕ್ಷೆಗೆಂದು ನನ್ನ ಫೋನಿನಿಂದ ಒಂದು ರೊಟ್ಟಿ ಕೇಳಿದೆ. ಉತ್ತರ ಬಂತು. ಕುಣಿದಾಡುವಷ್ಟರಲ್ಲಿ ಇನ್ನೊಂದು ಉತ್ತರ ಬಂತು. ಮತ್ತೊಂದು. ಮಗದೊಂದು. ಬಾಟ್ ತಾನು ಕಳಿಸಿದ ಉತ್ತರವನ್ನೂ ತಾನೇ ಓದಿ, ಅದರಲ್ಲೂ ರೊಟ್ಟಿ ಎಂಬ ಪದ ಕಂಡು, ತನ್ನಿಂದಲೇ ರೊಟ್ಟಿ ಕೇಳಿಸಿಕೊಂಡು, ತನಗೇ ಧನ್ಯವಾದ ಹೇಳಿಕೊಳ್ಳುತ್ತಿತ್ತು. ಫೋನಿನ ವೈರು ಕಿತ್ತುಹಾಕುವ ತನಕ ಅದು ನಿಲ್ಲಲಿಲ್ಲ. ಕೆಲವು ಸಾಹಿತ್ಯ ಸಮಾರಂಭಗಳಲ್ಲಿ ನಾನು ಇದನ್ನು ನೋಡಿದ್ದೇನೆ, ಯಂತ್ರದಲ್ಲಿ ನೋಡಿದ್ದು ಅದೇ ಮೊದಲು. ನೀನು ಆಡಿದ ಮಾತನ್ನು ನೀನೇ ಕೇಳಿಸಿಕೊಳ್ಳಬೇಡ ಎಂದು ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು.

ಆಮೇಲಿನದು ಒಂದು ಹಬ್ಬ. ತಪ್ಪು ಹುಡುಕುವುದರಲ್ಲಿ ಇಷ್ಟು ಸಂತೋಷವಿದೆ ಎಂದು ಉತ್ತರಪತ್ರಿಕೆ ತಿದ್ದುವಾಗ ನನಗೆ ತಿಳಿದಿರಲಿಲ್ಲ. ಒಬ್ಬರು ಕಡುಬು ಎಂದು ಬರೆದರೆ ಬಾಟ್ ಅದನ್ನು ಗುರುತಿಸದೆ ಕೂತಿತು. ನೋಡಿದರೆ ಪದದ ಕೊನೆಗೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ. ಮನುಷ್ಯರಿಗೆ ಕಾಣದ್ದು ಅದಕ್ಕೆ ಕಾಣುತ್ತದೆ, ಮನುಷ್ಯರಿಗೆ ಕಾಣುವುದು ಅದಕ್ಕೆ ಕಾಣುವುದಿಲ್ಲ. ಇನ್ನೊಬ್ಬರು ಸಂಖ್ಯೆ ಬರೆಯುವುದನ್ನು ಮರೆತರು. ಎರಡನೆಯ ಪದ ಎಲ್ಲಿ ಎಂದು ಹುಡುಕಲು ಹೋದ ಬಾಟ್, ಅದು ಸಿಗದೆ ದುಃಖದಿಂದ ಪ್ರಾಣಬಿಟ್ಟಿತು. ಮತ್ತೊಬ್ಬರು "ರೊಟ್ಟಿ ಬೇಡ, ಕಡುಬು ಸಾಕು" ಎಂದರೆ ಅದು ಸಂಭ್ರಮದಿಂದ ರೊಟ್ಟಿ ಬರೆದುಕೊಂಡಿತು. ಬೇಡ ಎಂಬ ಮಾತು ನಮ್ಮ ಕಡೆ ಊಟದೆಲೆಯ ಮುಂದೆ ನಡೆಯುವುದಿಲ್ಲ ಎಂದು ಅದಕ್ಕೂ ಹೇಗೋ ತಿಳಿದಂತಿತ್ತು. ಒಂದೊಂದು ತಪ್ಪಿಗೂ ಒಂದೊಂದು ಸಾಲು ಮದ್ದು ಅರೆದೆ. ನಡುವೆ ಒಂದು ದಿನ ಯಾರೋ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲೇ ಬರೆದು ಕಳಿಸಿದರು. ಇನ್ನು ಸತ್ತಿತು ಎಂದುಕೊಂಡೆ. ಸಾಯಲಿಲ್ಲ! ಕನ್ನಡ ಅಂಕಿಯನ್ನು ಪೈಥಾನ್ ಹುಟ್ಟಿನಿಂದಲೇ ಬಲ್ಲದು. ಕನ್ನಡ ಅಂಕಿ ಕಂಡರೆ ಕಣ್ಣು ಕಿರಿದು ಮಾಡುವ ಗುಮಾಸ್ತರನ್ನು ಬೇಕಾದಷ್ಟು ನೋಡಿರುವ ನಾನು ಆ ದಿನ ಲ್ಯಾಪ್‌ಟಾಪಿಗೆ ಅರಿಶಿನ ಕುಂಕುಮ ಇಟ್ಟೆ.

ಮುತ್ತಮ್ಮ ಆಂಟಿ ಮಾತ್ರ ಸ್ವಲ್ಪ ಕಾಡಿದರು. ರಸ್ತೆಯಾಚೆಯ ದೊಡ್ಡ ಮನೆಯವರು, ಅಕ್ಷರಗಳನ್ನು ಒತ್ತುವಷ್ಟು ತಾಳ್ಮೆ ಅವರಿಗಿಲ್ಲ. ಅವರು ಒಂದು ಖಾಲಿ ಸ್ಟೀಲ್ ಡಬ್ಬಿಯ ಫೋಟೋ ಕಳಿಸಿದರು. ಅಷ್ಟೆ. ಹೋದಸಲ ಈ ಡಬ್ಬಿಯಲ್ಲಿ ಏನು ಬಂದಿತ್ತೋ ಅದೇ, ಅಷ್ಟೇ, ಮತ್ತೆ ತುಂಬಿ ಕಳಿಸು ಎಂದು ಅದರ ಅರ್ಥ. ಡಬ್ಬಿಯ ಪಕ್ಕದಲ್ಲಿ ಎರಡು ಬೆಣ್ಣೆಹಣ್ಣು ಕೂಡ ಇದ್ದವು. ತಿಂಡಿ ತಂದ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸುವ ಪದ್ಧತಿ ಇಲ್ಲವಾದ್ದರಿಂದ, ಅವು ನಮಗೆ. ಸರೋಜ ಆ ಫೋಟೋವನ್ನು ಒಂದು ಕ್ಷಣ ನೋಡಿ ಎಲ್ಲವನ್ನೂ ಓದಿದಳು. ಬಾಟ್ ಅದರಲ್ಲಿ ಒಂದಕ್ಷರವೂ ಇಲ್ಲವೆಂದು ತೀರ್ಪು ಕೊಟ್ಟು ನೆಲಕಚ್ಚಿತು.

ಈ ರೀತಿ ಪದೇ ಪದೇ ನೆಲಕಚ್ಚಬಾರದೆಂದು ಕೊನೆಗೆ ನಾನು ಒಂದು ರಾಜಮಾರ್ಗ ಹುಡುಕಿದೆ. ತಿಳಿಯದ ಮೆಸೇಜು ಬಂದರೆ ಬಾಟ್ ಸಾಯಬೇಕಾಗಿಲ್ಲ, ಒಂದು ಉತ್ತರ ಕೊಟ್ಟು ಮುಂದಿನದಕ್ಕೆ ಹೋಗಲಿ. ಆ ಉತ್ತರವನ್ನು ಶುದ್ಧ ಕನ್ನಡದಲ್ಲಿ ನಾನೇ ರಚಿಸಿದೆ. "ನಿಮ್ಮ ಮಾತು ಅರ್ಥವಾಗಲಿಲ್ಲ. ತಿಂಡಿಯ ಹೆಸರು, ಸಂಖ್ಯೆ ಮಾತ್ರ ಬರೆಯಿರಿ." ಮೊದಲು ಮಾತ್ರ ಎಂಬ ಪದ ಇರಲಿಲ್ಲ. ಮತ್ತೆ ಓದಿದಾಗ ವಾಕ್ಯಕ್ಕೆ ಬಿಗಿ ಸಾಲದೆನಿಸಿ ಸೇರಿಸಿದೆ. ಅದಾದ ಮೇಲೆ ಬಾಟ್ ಒಂದು ಸಲವೂ ನಿಲ್ಲಲಿಲ್ಲ. ಗಿರಾಕಿಗಳು ಕ್ರಮೇಣ ದಾರಿಗೆ ಬಂದರು. ಹೆಸರು, ಸಂಖ್ಯೆ. ಹೆಸರು, ಸಂಖ್ಯೆ. ಸಂಜೆ ಸರೋಜಳ ಮುಂದೆ ಅಚ್ಚುಕಟ್ಟಾದ ಚೀಟಿ ಹಿಡಿಯುವಾಗ ನನ್ನ ಮೀಸೆ ಇಲ್ಲದ ಮುಖದಲ್ಲೂ ಮೀಸೆ ತಿರುವಬೇಕೆನಿಸುತ್ತಿತ್ತು.

ಇಲ್ಲಿ ನಮ್ಮ ಊರಿನ ಒಂದು ನಡತೆಯನ್ನು ಹೇಳಬೇಕು. ಅದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದೂ ಪ್ರೋಗ್ರಾಮು ಬರೆಯುವಾಗ ಹೊಳೆಯಲಿಲ್ಲ. ಅಂಗಡಿಯಲ್ಲಿ ನಾವು ಇಂತಿಷ್ಟು ಕೊಡಿ ಎಂದು ಕೇಳುತ್ತೇವೆ. ಬೇಕಾದವರ ಮನೆಯ ಒಲೆಯಿಂದ ಕೇಳುವುದಿಲ್ಲ. ನಮ್ಮ ಮನೆಯ ಸುದ್ದಿ ಹೇಳುತ್ತೇವೆ, ಅಷ್ಟೆ. ಬೀಗರು ಬರುತ್ತಿದ್ದಾರೆ ಎನ್ನುತ್ತೇವೆ. ಕಾಫಿ ಪಿಕ್ಕಿಂಗ್ ಮುಗಿಯುವ ದಿನ, ಆಳುಗಳಿಗೆ ಏನಾದರೂ ಕೊಡಬೇಕು ಎನ್ನುತ್ತೇವೆ. ಅತ್ತೆಗೆ ಹಲ್ಲು ಕೀಳಿಸಿದೆವು ಎನ್ನುತ್ತೇವೆ. ಕೇಳಿಸಿಕೊಂಡವರು ಎಷ್ಟು ರೊಟ್ಟಿ, ಎಷ್ಟು ಮೃದು ಎಂದು ತಾವೇ ತೀರ್ಮಾನಿಸುತ್ತಾರೆ. ದುಡ್ಡು ಕೊಡುತ್ತೇವೆ, ತೆಗೆದುಕೊಳ್ಳುತ್ತಾರೆ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಕೇಳುವ ಮಾತು ಬಾಯಿಂದ ಬರಬಾರದು, ಕೇಳದೆಯೇ ತಿಳಿಯಬೇಕು.

ನಮ್ಮ ಅಲಂಕಾರಶಾಸ್ತ್ರದವರು ಇದಕ್ಕೆ ಒಳ್ಳೆಯ ಹೆಸರು ಇಟ್ಟಿದ್ದಾರೆ. ಪದಗಳು ನೇರವಾಗಿ ಹೇಳುವುದು ವಾಚ್ಯ, ಹೇಳದೆ ಹೊಳೆಯಿಸುವುದು ವ್ಯಂಗ್ಯ. ಇದನ್ನು ಪಾಠ ಮಾಡುವಾಗ ನಾನು ಕಾವ್ಯದ ಉದಾಹರಣೆ ಕೊಡುವುದಿಲ್ಲ, ಕಾಫಿ ಕಣದ್ದು ಕೊಡುತ್ತೇನೆ. ಅಂಗಳದ ತುಂಬ ಕಾಫಿ ಹರವಿದೆ. ಯಾರೋ "ಮೋಡ ಆಗ್ತಿದೆ" ಎನ್ನುತ್ತಾರೆ. ಆಕಾಶ ನೋಡುವವರು ಒಬ್ಬರೂ ಇಲ್ಲ, ಎಲ್ಲರೂ ಟಾರ್ಪಾಲು ಹಿಡಿದು ಅಂಗಳಕ್ಕೆ ಓಡುತ್ತಾರೆ. ಆ ಮಾತಿನಲ್ಲಿ ಕಾಫಿ ಇಲ್ಲ, ಟಾರ್ಪಾಲು ಇಲ್ಲ, ಓಡು ಎಂಬ ಕ್ರಿಯಾಪದವೂ ಇಲ್ಲ, ಎಂದು ಮಕ್ಕಳಿಗೆ ಹೇಳಿ ಭೇಷ್ ಎನ್ನಿಸಿಕೊಂಡಿದ್ದೇನೆ. ಅದೇ ನಾನು ಮನೆಗೆ ಬಂದು ಬರೆದ ಪ್ರೋಗ್ರಾಮು, ಮೋಡ ಆಗ್ತಿದೆ ಎಂದರೆ, ಎಷ್ಟು ಮೋಡ ಎಂದು ಕೇಳುವಂಥದು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು ಕುಳಿತಿದ್ದೆ. ಆ ವಾರ ಸರೋಜ ಎರಡು ಮೂರು ಸಲ, "ಗಂಗಕ್ಕನ ಸುದ್ದಿನೇ ಇಲ್ಲ ಕಣ್ರಿ" ಎಂದಿದ್ದಳು. ಕುಯ್ಲಿನ ಕೆಲಸ ಇರುತ್ತದೆ ಬಿಡು ಎಂದಿದ್ದೆ. ಲ್ಯಾಪ್‌ಟಾಪ್ ಟಿಂಗ್ ಎಂದಿತು. ಗಂಗಕ್ಕನದೇ ಮೆಸೇಜು! "ಅಕ್ಕಿ ರೊಟ್ಟಿ 20. ಭಾನುವಾರ." ಎಲ್ಲಿಯೂ ಎಡವದೆ ಬಾಟ್ ಅದನ್ನು ಲಟ್ಟನೆ ಬಿಡಿಸಿ, ಹೆಸರನ್ನು ಹೆಸರಿನ ಜಾಗದಲ್ಲಿ, ಸಂಖ್ಯೆಯನ್ನು ಸಂಖ್ಯೆಯ ಜಾಗದಲ್ಲಿ ಇಟ್ಟು, ಧನ್ಯವಾದ ಹೇಳಿ ಮುಗಿಸಿತು. ನಾಲ್ಕು ಮಾತು ಹೇಳಬೇಕಾದಲ್ಲಿ ನಲವತ್ತು ಹೇಳುವ ಗಂಗಕ್ಕ! ಅವರನ್ನೂ ನನ್ನ ಪ್ರೋಗ್ರಾಮು ದಾರಿಗೆ ತಂದಿತೆಂದ ಮೇಲೆ ಇನ್ನು ಗೆಲ್ಲಲು ಉಳಿದದ್ದೇನು? "ಸರೋಜಾ, ಬಾ ಇಲ್ಲಿ, ಗಂಗಕ್ಕನದು ಮೊದಲ ಏಟಿಗೇ ಪಾರ್ಸ್ ಆಯ್ತು" ಎಂದು ಕೂಗಿದೆ.

ಸರೋಜ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಓದಿದಳು. ಅವಳ ಮುಖ ಇಳಿದುಹೋಯಿತು.

"ಇದೇನ್ರಿ ಇದು?"

"ಆರ್ಡರ್ರು."

"ಗಂಗಕ್ಕ ನಂಗೆ ಆರ್ಡರ್ ಕೊಡ್ತಾರಾ? ಇಪ್ಪತ್ತು ಅಂತ ಬರೀತಾರಾ? ಊಟ ಆಯ್ತಾ ಅಂತ ಒಂದ್ಮಾತು ಇಲ್ಲ. ಏನೋ ಆಗಿದೆ."

ಹಳೆಯ ಫೋನನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಅವಳೇ ತೆರೆದಳು. ಆ ಸಾಲಿನ ಮೇಲೆ, ಬುಧವಾರ ಬಂದದ್ದು, ಉದ್ದಕ್ಕೆ ಇತ್ತು. "ಸರೋಜ, ಊಟ ಆಯ್ತಾ? ನಿನ್ ಮಂಡಿ ಹೆಂಗಿದೆ? ನಮ್ ರೇಖನ್ನ ನೋಡಕ್ಕೆ ಭಾನುವಾರ ಶನಿವಾರಸಂತೆ ಕಡೆಯೋರು ಬರ್ತಾವ್ರಂತೆ ಕಣೆ. ಯಾರ್ಗೂ ಹೇಳಿಲ್ಲ, ನಿಂಗೇ ಮೊದ್ಲು. ನಂಗಂತೂ ಕೈಕಾಲೇ ಆಡ್ತಿಲ್ಲ." ರೇಖ ಅವರ ಒಬ್ಬಳೇ ಮಗಳು, ಶನಿವಾರಸಂತೆ ನಮ್ಮ ಜಿಲ್ಲೆಯದೇ ಒಂದು ಊರು. ಅದರ ಕೆಳಗೆ, ಸರೋಜಳ ಹೆಸರು, ಸರೋಜಳ ನಗುವ ಫೋಟೋ ಇದ್ದ ಅದೇ ನಂಬರಿನಿಂದ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋದ ಉತ್ತರ: ನಿಮ್ಮ ಮಾತು ಅರ್ಥವಾಗಲಿಲ್ಲ. ತಿಂಡಿಯ ಹೆಸರು, ಸಂಖ್ಯೆ ಮಾತ್ರ ಬರೆಯಿರಿ.

ನಾನು ಬಿಗಿಗೆಂದು ಸೇರಿಸಿದ ಪದ ಅಲ್ಲಿ ಚೆನ್ನಾಗಿಯೇ ಬಿಗಿಯಾಗಿತ್ತು. ಮೂರು ದಿನ ಅದನ್ನು ನುಂಗಲಾರದೆ ಇಟ್ಟುಕೊಂಡು, ಕೊನೆಗೆ ಕೇಳಿದ ಹಾಗೆಯೇ ಬರೆದು ಕಳಿಸಿದ್ದರು ಗಂಗಕ್ಕ. ಎಷ್ಟೋ ಸಲ ತಪ್ಪಾದ ಮೆಸೇಜಿಗೆ ಮದ್ದು ಹುಡುಕಿದ್ದೆ, ಸರಿಯಾದ ಮೆಸೇಜೊಂದು ಇಷ್ಟು ನೋಯಿಸಬಹುದೆಂದು ಯಾವ ಪಾಠದಲ್ಲೂ ಇರಲಿಲ್ಲ. ಸರೋಜಳ ಕಣ್ಣಲ್ಲಿ ನೀರು ತುಂಬಿತ್ತು. ನನಗೂ ಬಹಳ ಸಂಕಟವಾಯಿತು. "ಎದ್ದೇಳಿ. ನೀವೂ ಬನ್ನಿ. ನಿಮ್ ಹಾವು ಕಚ್ಚಿರೋದು, ನೀವೇ ಬಂದು ಹೇಳಿ" ಎಂದಳು.

ತೋಟದೊಳಗಿನ ದಾರಿಯಲ್ಲಿ ಇಬ್ಬರೂ ನಡೆದೆವು. ಆಳುಗಳ ಲೈನ್ ಮನೆಗಳನ್ನು ದಾಟಿದರೆ ರೈಟರ ಕ್ವಾರ್ಟರ್ಸ್. ಎಂದಿನ ದಿನವಾದರೆ ಗಂಗಕ್ಕ ಗೇಟಿನಿಂದಲೇ ಸರೋಜಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗುತ್ತಾರೆ, ನಾನು ಹೊರಗೆ ಚಪ್ಪಲಿಗಳ ಜೊತೆ ಉಳಿಯುತ್ತೇನೆ. ಆ ದಿನ "ಬನ್ನಿ, ಕೂತ್ಕಳಿ" ಎಂದು ಮುಂದಿನ ಕೋಣೆಯ ಸೋಫಾದಲ್ಲಿ ಇಬ್ಬರನ್ನೂ ಕೂರಿಸಿದರು. ಸೋಫಾಕ್ಕೆ ಒಗೆದ ಬಟ್ಟೆ ಹೊದಿಸಿತ್ತು. ಟ್ರೇಯಲ್ಲಿ ಗಾಜಿನ ಬೀರುವಿನ ಕಪ್ಪುಗಳು ಬಂದವು, ಜೊತೆಗೆ ತಟ್ಟೆಯಲ್ಲಿ ಬಿಸ್ಕತ್ತು. ಇಷ್ಟು ಮರ್ಯಾದೆ ಆ ಮನೆಯಲ್ಲಿ ನಮಗೆ ಯಾವತ್ತೂ ಆಗಿರಲಿಲ್ಲ. ಬಿಸ್ಕತ್ತನ್ನು ಕಂಡು ಸರೋಜ ಅತ್ತೇಬಿಟ್ಟಳು.

"ಗಂಗಕ್ಕ, ಅದು ಸರೋಜ ಬರೆದಿದ್ದಲ್ಲ" ಎಂದು ನಾನು ಶುರುಮಾಡಿದೆ. "ಅವಳು ನಿಮ್ಮ ಮೆಸೇಜು ನೋಡೇ ಇಲ್ಲ. ಅದು ಕಂಪ್ಯೂಟರ್ ಬರೆದಿದ್ದು."

"ಕಂಪ್ಯೂಟ್ರಿಗೆ ಹಂಗೆ ಬರಿ ಅಂತ ಹೇಳ್ಕೊಟ್ಟಿದ್ಯಾರು ಮೇಷ್ಟ್ರೆ?"

"ನಾನು."

"ಸಂಖ್ಯೆ ಮಾತ್ರ ಅಂತ?"

"ಅದೂ ನಾನೇ."

ಗಂಗಕ್ಕ ನನ್ನ ಕಡೆಗೆ ತಿರುಗಿದರು. "ಅಲ್ಲಾ, ಸರೋಜ ಯಾವಾಗಿಂದ ಇಷ್ಟು ಶುದ್ಧವಾಗಿ ಬರಿಯಕ್ಕೆ ಕಲ್ತ್ಲು ಅಂತ ನಂಗೂ ಅನ್ನಿಸ್ತು. ಮಗಳನ್ನ ನೋಡಕ್ಕೆ ಬರ್ತಾರೆ ಅಂದ್ರೆ ಸಂಖ್ಯೆ ಕೇಳ್ತಾಳಲ್ಲ, ನಾನೇನು ಇವ್ಳಿಗೆ ಹೋಮ್‌ಸ್ಟೇಯೋಳಾ ಅಂತ ಹೊಟ್ಟೆ ಉರಿದೋಯ್ತು. ಮೂರು ದಿನದಿಂದ ಊಟ ಸೇರ್ತಿಲ್ಲ ಕಣ್ರೀ ನಂಗೆ!" ಎನ್ನುತ್ತಿದ್ದವರು ಹಾಗೆಯೇ ನಗಲು ಶುರುಮಾಡಿದರು. ಸರೋಜಳೂ ಅಳುತ್ತಲೇ ನಕ್ಕಳು. ಇಬ್ಬರೂ ಸೇರಿ ನಗುವುದು ನನ್ನ ಮೇಲೆ ಎಂದು ತಿಳಿದು ನನಗೂ ಸಮಾಧಾನವಾಯಿತು.

ಒಳಗಿನಿಂದ ಬಂದ ಶಿವಣ್ಣನವರು ಎಲ್ಲವನ್ನೂ ಕೇಳಿ, "ನಮ್ ಲೈನಿನ ಹೆಂಗಸ್ರೂ ಅಷ್ಟೆ ಸಾರ್" ಎಂದರು. "ತೂಕಕ್ಕೆ ಮೂಟೆ ತಂದ್ರೆ ಮೊದ್ಲು ಮಗೀಗೆ ಜ್ವರ ಬಂದಿದ್ದು ಹೇಳ್ತಾರೆ, ಆಮೇಲೆ ತಕ್ಕಡಿಗೆ ಹಾಕ್ತಾರೆ. ಕೇಳ್ಲಿಲ್ಲ ಅಂದ್ರೆ ತೂಕ ಸರಿ ಹಾಕ್ಲಿಲ್ಲ ಅಂತ ಜಗಳ." ಅಷ್ಟರಲ್ಲಿ ಗಂಗಕ್ಕ ಟ್ರೇ ಎತ್ತಿಕೊಂಡು, "ಏಳೆ, ಒಳಗ್ ಬಾ, ನಾಳಿಕ್ಕೆ ಏನ್ ಮಾಡದು ನೋಡಣ. ಇಪ್ಪತ್ತಂತೆ ಇಪ್ಪತ್ತು, ಎಷ್ಟು ಜನ ಬರ್ತಾರೋ ನಂಗೇನ್ ಗೊತ್ತು" ಎಂದು ಸರೋಜಳನ್ನು ಎಳೆದುಕೊಂಡು ಹೋದರು. ನನ್ನ ಬಿಸ್ಕತ್ತೂ ಟ್ರೇಯ ಜೊತೆ ಒಳಗೆ ಹೋಯಿತು.

ಭಾನುವಾರ ಬಂದವರು ಒಂದು ಜೀಪಿನ ತುಂಬ. ಸರೋಜ ಬೆಳಗಿನಿಂದ ಅಲ್ಲಿಯೇ ಇದ್ದಳು. ಹುಡುಗನಿಗೆ ರೇಖಳೂ ರೇಖಳಿಗೆ ಹುಡುಗನೂ ಒಪ್ಪಿಗೆಯಾದರು. ಹುಡುಗನ ತಾಯಿಗೆ ರೊಟ್ಟಿ ಒಪ್ಪಿಗೆಯಾಯಿತು. ಎಷ್ಟು ಬೇಯಿಸಿದರೆಂದು ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ.

ನಾನು ಮನೆಯಲ್ಲಿ ಕುಳಿತು ಪ್ರೋಗ್ರಾಮು ತಿದ್ದಿದೆ. ಶುದ್ಧ ಕನ್ನಡದ ಆ ಉತ್ತರವನ್ನು ಮೊದಲು ಅಳಿಸಿದೆ. ಈಗ ಬಾಟ್ ತನಗೆ ತಿಳಿಯದ ಮೆಸೇಜು ಬಂದರೆ ಬಾಯಿ ಮುಚ್ಚಿಕೊಂಡು, ಅಡುಗೆಮನೆಯಲ್ಲಿ ಇಟ್ಟಿರುವ ಒಂದು ಪುಟ್ಟ ಸ್ಪೀಕರಿನಲ್ಲಿ ಗಂಟೆ ಬಾರಿಸುತ್ತದೆ, ಮೆಸೇಜನ್ನು ಸರೋಜಳ ಹೊಸ ಫೋನಿಗೆ ದಾಟಿಸುತ್ತದೆ. ಹೋಮ್‌ಸ್ಟೇಯವರ ಮೆಸೇಜುಗಳಿಗೆ ಮಾತ್ರ ತಾನೇ ಉತ್ತರ ಕೊಡುತ್ತದೆ. ಅವರು ಹೆಸರು, ಸಂಖ್ಯೆ ಬರೆಯುವ ಜನ. ಉಳಿದ ಊರಿನವರೆಲ್ಲ ಪುನಃ ಬೀಗರು, ಹಲ್ಲುನೋವು, ಖಾಲಿ ಡಬ್ಬಿಗಳಿಗೆ ಮರಳಿದ್ದಾರೆ. ದಿನವಿಡೀ ಗಂಟೆ ಬಾರಿಸುತ್ತದೆ. ಅಂದರೆ ನನ್ನ ಪ್ರೋಗ್ರಾಮು ದಿನವಿಡೀ ಸೋಲುತ್ತದೆ, ಸರೋಜ ಖುಷಿಯಾಗಿದ್ದಾಳೆ.

ಆದರೂ ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ? ಮೊನ್ನೆ ಒಂದು ಸಂಜೆ, "ನೋಡೋಕೆ ಬರ್ತಾರೆ ಅಂದ್ರೆ ಇಷ್ಟು, ಬೀಗರು ಅಂದ್ರೆ ಇಷ್ಟು ಅಂತ ಅದಕ್ಕೆ ಕಲಿಸಬಹುದು ಕಣೆ. ಗಂಗಕ್ಕನ ಮಾತೂ ಅರ್ಥ ಆಗೋ ಹಾಗೆ ಮಾಡ್ತೀನಿ" ಎಂದೆ.

"ಬೇಡ. ಗಂಗಕ್ಕನ ಮಾತು ಅದಕ್ಕೆ ಯಾಕೆ ಅರ್ಥ ಆಗ್ಬೇಕು? ನಂಗಾದ್ರೆ ಸಾಕು" ಎಂದಳು ಸರೋಜ.

ಆ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸಿತು. ಗಂಗಕ್ಕನದೇ. ಸರೋಜ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಓದಲು ಶುರುಮಾಡಿದಳು. ಮೆಸೇಜು ಬೆಳೆಯುತ್ತಲೇ ಇತ್ತು. ಬೀಗಿತ್ತಿ ಕಳಿಸಿದ ಸೀರೆಯ ಬಣ್ಣ, ಮೆಣಸಿನ ಬಳ್ಳಿಗೆ ಹತ್ತಿದ ರೋಗ, ಬೆಕ್ಕು ಮರಿ ಹಾಕಿದ ಜಾಗ. ಓದುತ್ತ ಓದುತ್ತ ಆಕೆ ಒಬ್ಬಳೇ ನಗುತ್ತಿದ್ದಳು. ಮುಗಿಯುವ ತನಕ ಕಾದು, ಎಷ್ಟು ರೊಟ್ಟಿ ಬೇಕಂತೆ ಎಂದು ಕೇಳಿದೆ.

"ರೊಟ್ಟಿ ಎಂತಕ್ಕೆ? ಏನೂ ಬೇಡ್ವಂತೆ. ಸುಮ್ನೆ ಬರ್ದವ್ರೆ."

ಸುಮ್ಮನೆ ಬರೆದದ್ದನ್ನು ಇಡಲು ನನ್ನ ಪ್ರೋಗ್ರಾಮಿನಲ್ಲಿ ಯಾವ ಜಾಗವೂ ಇರಲಿಲ್ಲ. ಎಲ್ಲಿ ಸೇರಿಸಲಿ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಒಲೆಯ ಪಕ್ಕ ಒಂದು ಮಣೆ ಹಾಕಿಕೊಂಡು ಕುಳಿತು, ಬೆಕ್ಕು ಎಲ್ಲಿ ಮರಿ ಹಾಕಿತಂತೆ ಎಂದು ಕೇಳಿದೆ.